ಆಫ್‌ಸೆಟ್ 45 ಅಥವಾ 35: ಅಲಾಯ್ ವೀಲ್ ಕೊಳ್ಳುವ ಮುನ್ನ
ವೀಲಿನ ಅಗಲದ ಮಧ್ಯರೇಖೆಯಿಂದ ಅದನ್ನು ಕಾರಿಗೆ ಬಿಗಿಯುವ ಮುಖದವರೆಗಿನ ದೂರವೇ ಆಫ್‌ಸೆಟ್; ಇಲ್ಲಿ ಅದು ಕಡಿಮೆಯಾದಷ್ಟೂ ವೀಲ್ ಹೊರಗೆ ಸರಿಯುತ್ತದೆ. ಕಾರಿನ ಮೂಲ ವೀಲ್ 6 ಇಂಚು ಅಗಲ, 45 ಮಿ.ಮೀ. ಆಫ್‌ಸೆಟ್‌ನದಾಗಿದ್ದು, ಅದರ ಬದಲಿಗೆ 7 ಇಂಚು ಅಗಲದ ಅಲಾಯ್ ವೀಲ್ ಕೊಳ್ಳುವವರು ಆಫ್‌ಸೆಟ್ 45 ಇರಬೇಕೋ 35 ಇರಬೇಕೋ ಎಂಬುದನ್ನು ಅಳತೆಯಿಂದಲೇ ನಿರ್ಧರಿಸಬೇಕು. 45 ಆದರೆ ರಿಮ್ ಒಳಗೂ ಹೊರಗೂ ಸಮನಾಗಿ 12.7 ಮಿ.ಮೀ. ಬೆಳೆಯುವುದರಿಂದ, ಸಸ್ಪೆನ್ಷನ್ ಸ್ಟ್ರಟ್‌ಗೂ ಟೈರಿಗೂ ನಡುವೆ ಈಗಿರುವ ಅಂತರವನ್ನು ಮೊದಲು ಅಳೆಯಬೇಕಾಗುತ್ತದೆ. 35 ಆದರೆ ಒಳಗೆ ಹೆಚ್ಚುವುದು 2.7 ಮಿ.ಮೀ. ಮಾತ್ರ, ಹೊರಗೆ 22.7 ಮಿ.ಮೀ. ಚಾಚುವುದರಿಂದ ನೋಟಕ್ಕೆ ಗತ್ತು ಬಂದರೂ, ಹಿಂದಿನ ಸೀಟು ತುಂಬಿದ ಕಾರು ಹಂಪ್ ದಾಟುವಾಗ ಟೈರು ಫೆಂಡರಿನ ಅಂಚಿಗೆ ಉಜ್ಜುವ ಮತ್ತು ವೀಲ್ ಬೇರಿಂಗ್ ಮೇಲೆ ಹೊರೆ ಹೆಚ್ಚುವ ಸಾಧ್ಯತೆಯಿದೆ. ಸ್ಟ್ರಟ್ ಬಳಿ ಜಾಗವಿದ್ದರೆ, ಕುಟುಂಬದ ಕಾರಿಗೆ ನಾನು 45ನ್ನೇ ಆರಿಸುವೆ. ಪಿಸಿಡಿ, ಅಂದರೆ ಬೋಲ್ಟ್ ರಂಧ್ರಗಳ ನಡುಬಿಂದುಗಳ ಮೂಲಕ ಹಾಯುವ ವೃತ್ತದ ವ್ಯಾಸ, ಕಾರಿಗೆ ಹೊಂದದಿದ್ದರೆ ಎರಡೂ ಬೇಡ; ವೀಲಿನ ನಡುವಿನ ರಂಧ್ರ ಅದು ಕೂರುವ ಹಬ್‌ಗಿಂತ (ಕಾರಿನ ಬದಿಯ ಗುಂಬಕ್ಕಿಂತ) ದೊಡ್ಡದಿದ್ದರೆ ಸಂದು ತುಂಬುವ ಹಬ್ ರಿಂಗ್ ಹಾಕಬಹುದು, ಚಿಕ್ಕದಿದ್ದರೆ ವೀಲ್ ಕೂರುವುದೇ ಇಲ್ಲ.