ಲಕಡಾಂಗ್ ಅರಿಶಿನ ಪುಡಿ: ದುಡ್ಡು ತಳಿಗೋ, ಮಣ್ಣಿಗೋ?

ಪೊಟ್ಟಣ ಬಿಚ್ಚಿದಾಗ ಮೊದಲು ಕಣ್ಣಿಗೆ ಬೀಳುವುದು ಬಣ್ಣ. ಮಾಮೂಲಿ ಅಂಗಡಿ ಅರಿಶಿನಕ್ಕಿಂತ ಇದು ಗಾಢ, ಕಿತ್ತಳೆಯತ್ತ ವಾಲಿದ ಹಳದಿ. ನಾಲಿಗೆಗೆ ಮಣ್ಣಿನ ವಾಸನೆಯ ಜೊತೆ ಕಹಿಯೂ ಹತ್ತುತ್ತದೆ. ಎಂದಿನ ಅಳತೆಯಲ್ಲಿ ಹಾಕಿದರೆ ಚಿತ್ರಾನ್ನ ಕೆಡುವುದು ಗ್ಯಾರಂಟಿ, ಅರ್ಧಕ್ಕೆ ಇಳಿಸಿ.

ಮೇಘಾಲಯದ ಜೈಂತಿಯಾ ಬೆಟ್ಟಗಳ ಈ ಅರಿಶಿನಕ್ಕೆ 2024ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಹೆಸರು ಬಂದಿರುವುದು ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಅಂಶದಿಂದ: ಸಾಮಾನ್ಯವಾಗಿ ಹೇಳುವ ಲೆಕ್ಕ ಶೇ 7ರ ಆಸುಪಾಸು. ಈರೋಡ್ ಕಡೆಯ ಅರಿಶಿನದಲ್ಲಿ ಅದು ಸುಮಾರು ಶೇ 3. ಆಹಾರ ಸುರಕ್ಷತಾ ಪ್ರಾಧಿಕಾರ ಪುಡಿಗೆ ಕೇಳುವ ಕನಿಷ್ಠ ಮಿತಿ ಶೇ 2 ಮಾತ್ರ. ಅಂದರೆ ಶೇ 2.1 ಇರುವ ಪುಡಿಯೂ ಕಾನೂನಿನ ಪ್ರಕಾರ ‘ಶುದ್ಧ ಅರಿಶಿನ’ವೇ.

ಗೊಂದಲ ಶುರುವಾಗುವುದು ಹೆಸರಿನಲ್ಲೇ. ಲಕಡಾಂಗ್ ಒಂದು ಊರಿನ ಹೆಸರೂ ಹೌದು, ತಳಿಯ ಹೆಸರೂ ಹೌದು. ಅರಿಶಿನ ಬಿತ್ತುವುದು ಗಡ್ಡೆಯಿಂದ, ಹಾಗಾಗಿ ಬಿತ್ತನೆ ಗಡ್ಡೆ ಎಲ್ಲಿಗೆ ಹೋದರೂ ತಳಿಗುಣ ಬದಲಾಗುವುದಿಲ್ಲ. ಕರ್ಕ್ಯುಮಿನ್ ಮಾತ್ರ ಬದಲಾಗುತ್ತದೆ. ಮಣ್ಣಿನ ಹುಳಿ, ಸಾವಯವ ಅಂಶ, ಮಳೆ, ಎತ್ತರ, ಕೊಯ್ಲಿನ ಹೊತ್ತು ಎಲ್ಲವೂ ಅದನ್ನು ಏರಿಳಿಸುತ್ತವೆ. ಜೈಂತಿಯಾದ ಹುಳಿಮಣ್ಣಿನ ಇಳಿಜಾರಿನಲ್ಲಿ ಜೋರು ಮಳೆ ಬಿದ್ದರೂ ನೀರು ನಿಲ್ಲುವುದಿಲ್ಲ. ಅದೇ ಗಡ್ಡೆಯನ್ನು ಬಯಲುಸೀಮೆಯ ಸುಣ್ಣಮಣ್ಣಿನಲ್ಲಿ ಕಾಲುವೆ ನೀರಿಗೆ ಬೆಳೆದರೆ ಶೇ 7 ಬರುತ್ತದೆಂದು ನಂಬಲಾಗದು. ಆದ್ದರಿಂದ ಪೊಟ್ಟಣದ ಮೇಲೆ ‘ಲಕಡಾಂಗ್ ತಳಿ’ ಎಂದಷ್ಟೇ ಇದ್ದರೆ ಬಿಟ್ಟುಬಿಡಿ. ಬೆಳೆದ ಜಿಲ್ಲೆ, ಕೊಯ್ಲಿನ ವರ್ಷ ಬೇಕು.

ಸಂಸ್ಕರಣೆಯೂ ಬೇರೆ. ಈರೋಡ್, ಚಾಮರಾಜನಗರದ ಕಡೆ ಕೊಂಬನ್ನು ಬೇಯಿಸಿ, ಹತ್ತು-ಹದಿನೈದು ದಿನ ಒಣಗಿಸಿ, ಪಾಲಿಶ್ ಮಾಡುತ್ತಾರೆ. ಲಕಡಾಂಗನ್ನು ಸಾಮಾನ್ಯವಾಗಿ ಹಸಿಯಾಗಿಯೇ ಹೋಳು ಮಾಡಿ ಒಣಗಿಸುತ್ತಾರೆ. ಹೋಳು ಬೇಗ ಒಣಗುತ್ತದೆ, ಆದರೆ ಕತ್ತರಿಸಿದ ಮೈಯೆಲ್ಲ ತೆರೆದಿರುತ್ತದೆ. ಬಿಸಿಲಿನ ಬೆಳಕಿಗೆ ಕರ್ಕ್ಯುಮಿನ್ ಒಡೆಯುತ್ತದೆ, ಘಮದ ಎಣ್ಣೆಯೂ ಹಾರಿಹೋಗುತ್ತದೆ. ಬಣ್ಣ ಜೋರಿದ್ದೂ ಘಮ ಸಪ್ಪೆ ಎನಿಸುವ ಪೊಟ್ಟಣಗಳಿಗೆ ಇದೂ ಒಂದು ಕಾರಣ. ತೇವ ಶೇ 10 ಮೀರಿದ ಪುಡಿ ಗಂಟುಕಟ್ಟಿ ಬೂಸಲು ಹಿಡಿಯಬಹುದು. ಪಾರದರ್ಶಕ ಗಾಜಿನ ಬಾಟಲಿಯಲ್ಲಿ ಮಾರುವವರಿಗೆ ತಮ್ಮ ಸರಕಿನ ಬಗ್ಗೆಯೇ ಗೊತ್ತಿಲ್ಲ ಅನ್ನಬೇಕು.

ಲ್ಯಾಬ್ ವರದಿ ಕೇಳುವಾಗ ಪೊಟ್ಟಣದ ಬ್ಯಾಚ್ ಸಂಖ್ಯೆ ವರದಿಯಲ್ಲೂ ಇದೆಯೇ ನೋಡಿ. ಬೆಳಕಿನ ಹೀರಿಕೆ ಅಳೆಯುವ ಯುವಿ ವಿಧಾನ 425 ನ್ಯಾನೊಮೀಟರ್ ಹತ್ತಿರ ಒಟ್ಟು ಹಳದಿಯನ್ನಷ್ಟೇ ಹೇಳುತ್ತದೆ. ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ವಿಧಾನದ ವರದಿ ಹಳದಿ ಕೊಡುವ ಮೂರನ್ನೂ ಬಿಡಿಸಿ ತೋರಿಸುತ್ತದೆ: ಕರ್ಕ್ಯುಮಿನ್, ಡಿಮೆಥಾಕ್ಸಿ, ಬಿಸ್‌ಡಿಮೆಥಾಕ್ಸಿ. ಗಡ್ಡೆಯಿಂದ ಬಂದದ್ದಾದರೆ ಮೂರೂ ಇರಬೇಕು. ಬರೀ ಮೊದಲನೆಯದೇ ತುಂಬಿದ್ದರೆ ಕಾರ್ಖಾನೆಯ ಕರ್ಕ್ಯುಮಿನ್ ಬೆರೆಸಿರುವ ಅನುಮಾನ. ಸುಣ್ಣ ಬೆರೆಸಿ ಓಕುಳಿ ಕೆಂಪು ನೋಡುವ ಪರೀಕ್ಷೆ ಅರಿಶಿನ ಇದೆ ಎನ್ನುತ್ತದೆ, ಎಷ್ಟಿದೆ ಎನ್ನುವುದಿಲ್ಲ.

ಬೆಲೆಯ ಲೆಕ್ಕ ಸುಲಭ. ಒಂದು ಚಮಚ ಅಂದರೆ ಸುಮಾರು 3 ಗ್ರಾಂ. ಶೇ 3ರ ಪುಡಿಯಲ್ಲಿ 90 ಮಿಲಿಗ್ರಾಂ, ಶೇ 7ರ ಪುಡಿಯಲ್ಲಿ 210. ಆದ್ದರಿಂದ ಒಳ್ಳೆಯ ಈರೋಡ್ ಪುಡಿಯ ದರದ 2.3 ಪಟ್ಟಿನವರೆಗೆ ಕೊಡುವುದು ನ್ಯಾಯ. ಅದಕ್ಕಿಂತ ಮೇಲೆ ಕೊಡುವುದು ಹೆಸರಿಗೆ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ದೇಹ ಹೀರಿಕೊಳ್ಳುವುದೂ ಬಲು ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಹೀರಿಕೆ ಶೇ 2000 ಏರಿದ್ದು ದಾಖಲಾಗಿದೆ. ಹಾಗಾಗಿ ಬಿಸಿನೀರಿಗೆ ಕದಡಿ ಕುಡಿಯುವುದಕ್ಕಿಂತ ಎಣ್ಣೆ ಒಗ್ಗರಣೆಯ ಮೆಣಸಿನ ಸಾರೇ ವಾಸಿ. ರಕ್ತ ತೆಳುಮಾಡುವ ಮಾತ್ರೆ ತಗೊಳ್ಳುವವರು, ಪಿತ್ತಕೋಶದ ಕಲ್ಲು ಇರುವವರು ಔಷಧಿಯಂತೆ ಚಮಚಗಟ್ಟಲೆ ನುಂಗುವ ಮೊದಲು ವೈದ್ಯರನ್ನು ಕೇಳಬೇಕು.

ಜಿಲ್ಲೆ, ವರ್ಷ, ಬ್ಯಾಚ್ ವರದಿ ಮೂರೂ ಇರುವ ಪೊಟ್ಟಣಕ್ಕೆ ಐದರಲ್ಲಿ ನಾಲ್ಕು ಅಂಕ. ಪಲ್ಯ, ಹುಳಿಗಷ್ಟೇ ಬೇಕಿದ್ದರೆ ಚಾಮರಾಜನಗರದ ಕೊಂಬು ತಂದು ಗಿರಣಿಯಲ್ಲಿ ಬೀಸಿಸಿಕೊಳ್ಳಿ. ಆ ಘಮ ಇದರಲ್ಲಿ ಸಿಗದು.