ಚೀಟಿಯಲ್ಲಿ ಎಲ್ಲಾ ಹಸಿರು, ರಸ್ತೆಯಲ್ಲಿ ಗಾಡಿ ಎಡಕ್ಕೆ

ಸಸ್ಪೆನ್ಷನ್ ಕೆಲಸ ಮಾಡಿಸಿದ ಮೇಲೆ ನಿಮ್ಮ ಕಾರು ಒಂದು ಕಡೆ ಎಳೆಯುತ್ತಿದ್ದರೆ, ಅಲೈನ್‌ಮೆಂಟ್ (ಚಕ್ರಗಳ ಕೋನ ಅಳೆದು ಸರಿ ಮಾಡುವ ಕೆಲಸ) ಚೀಟಿಯ ಹಸಿರು ಬಣ್ಣ ನೋಡಿ ಸುಮ್ಮನಾಗಬೇಡಿ. ಬಾಗಲಕೋಟೆಯಲ್ಲಿ ನನಗೆ ಆದದ್ದನ್ನು ಪೂರ್ತಿ ಬರೆಯುತ್ತಿದ್ದೇನೆ. ಗ್ಯಾರೇಜಿಗೆ ಗಾಡಿ ಬಿಡುವ ಮೊದಲು ಒಮ್ಮೆ ಓದಿ.

ನಮ್ಮ ಕಡೆಯ ರಸ್ತೆ ಗೊತ್ತಲ್ವಾ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮೇಲಿನ ಡಾಂಬರು ಏರಿಳಿತ ಆಗಿಬಿಡುತ್ತದೆ. ಬುಷ್ (ಕೀಲುಗಳಲ್ಲಿ ಕೂರುವ ರಬ್ಬರ್ ತುಂಡು), ಶಾಕ್ ಅಬ್ಸಾರ್ಬರ್ ಬೇಗ ಹೋಗುತ್ತವೆ. ನನ್ನ ಗಾಡಿಗೂ ಮುಂದಿನ ಎರಡು ಶಾಕ್ ಅಬ್ಸಾರ್ಬರ್, ಚಕ್ರದ ಬುಡವನ್ನು ಹಿಡಿದಿಡುವ ಎರಡು ಲೋವರ್ ಆರ್ಮ್ ಹೊಸದು ಹಾಕಿದರು. ಆರ್ಮ್ ಬೋಲ್ಟ್ ಹೊರಗೆ ಎಳೆಯಲು ಜಾಗ ಸಾಲದೆ ಸಬ್‌ಫ್ರೇಮನ್ನೂ (ಆರ್ಮ್‌ಗಳು ಕೂರುವ ಕೆಳಗಿನ ಚೌಕಟ್ಟು) ಸಡಿಲ ಮಾಡಿ ಇಳಿಸಿದ್ದರು. ಅದನ್ನು ಬಿಲ್ಲಿನಲ್ಲಿ ಬರೆಯಲಿಲ್ಲ, ಬಾಯಲ್ಲೂ ಹೇಳಲಿಲ್ಲ. ಇಡೀ ತೊಂದರೆಯ ಬೇರು ಅಲ್ಲೇ ಇತ್ತು.

ಗದ್ದನಕೇರಿ ಕ್ರಾಸ್ ದಾಟಿ ಕೆರೂರು ಕಡೆ ಹೊರಟಾಗ ಮೊದಲು ಗೊತ್ತಾಯಿತು. ವೇಗ 70 ದಾಟಿದರೆ ಗಾಡಿ ಎಡಕ್ಕೆ ಜಾರುತ್ತಿತ್ತು. ಸ್ಟೇರಿಂಗನ್ನು ಬಲಕ್ಕೆ ಹಿಡಿದೇ ಇರಬೇಕು. ಕಬ್ಬಿನ ಸೀಸನ್ ಬೇರೆ. ಎರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರನ್ನು ದಾಟುವಾಗ ರಸ್ತೆಯ ಒಂದು ಉಬ್ಬಿಗೆ ಚಕ್ರ ಹತ್ತಿತು. ಗಾಡಿ ನೇರ ಟ್ರಾಲಿಯ ಕಡೆಗೇ ನುಗ್ಗಿತು. ಹಿಂದಿನ ಸೀಟಿನಲ್ಲಿ ಅವ್ವ, ಮಕ್ಕಳು. ಅವತ್ತು ಆದ ಹೆದರಿಕೆಯೇ ಇದನ್ನು ಬರೆಯಲು ಕಾರಣ.

ವಾಪಸ್ ಬಂದು ಅಲೈನ್‌ಮೆಂಟ್ ಅಂಗಡಿಯಲ್ಲಿ ಕೇಳಿದರೆ, "ಏನೂ ಆಗಿಲ್ರಿ ಸರ, ರೋಡಿನ ಇಳಿಜಾರು ಹಂಗೈತ್ರಿ" ಅಂದರು. ಈ ಮಾತಿನಲ್ಲಿ ಸ್ವಲ್ಪ ನಿಜ ಇದೆ. ನೀರು ಹರಿದು ಹೋಗಲಿ ಎಂದು ರಸ್ತೆಯನ್ನು ಅಂಚಿಗೆ ಇಳಿಜಾರು ಮಾಡಿರುತ್ತಾರೆ. ನಾವು ಎಡಗಡೆ ಓಡಿಸುವುದರಿಂದ ಗಾಡಿ ಒಂಚೂರು ಎಡಕ್ಕೆ ವಾಲುವುದು ಸಹಜ. ಆದರೆ ಸಪಾಟಾದ ಖಾಲಿ ರಸ್ತೆಯ ನಡುವೆ ಓಡಿಸಿದಾಗಲೂ ಅಷ್ಟೇ ಎಳೆದರೆ? ಆಗ ದೋಷ ಗಾಡಿಯದ್ದು.

ಆಮೇಲೆ ತಪ್ಪನ್ನು ಟೈರಿನ ಮೇಲೆ ಹಾಕಿದರು. ಎರಡು ಹೊಸ ಟೈರ್ ಹಾಕಿಸಿ ಅಂದರು. ದುಡ್ಡು ಕೊಡುವ ಮೊದಲು ಮುಂದಿನ ಎರಡು ಟೈರ್‌ಗಳನ್ನು ಎಡ-ಬಲ ಅದಲು ಬದಲು ಮಾಡಿಸಿದೆ. ದೋಷ ಟೈರಿನಲ್ಲಿದ್ದರೆ ಎಳೆತದ ದಿಕ್ಕು ಬದಲಾಗಬೇಕು. ಬದಲಾಗಲಿಲ್ಲ. (ಒಂದೇ ದಿಕ್ಕಿಗೆ ತಿರುಗಬೇಕು ಎಂದು ಬಾಣದ ಗುರುತಿರುವ ಟೈರ್‌ಗಳಲ್ಲಿ ಹೀಗೆ ಮಾಡಬೇಡಿ.) ಆದರೂ ಅವರು ಟೈ ರಾಡ್ (ಸ್ಟೇರಿಂಗಿನಿಂದ ಚಕ್ರಕ್ಕೆ ಹೋಗುವ ಸರಳು) ತಿರುಗಿಸಿ ತಿರುಗಿಸಿ ಮತ್ತೆ ಮತ್ತೆ ಅಲೈನ್‌ಮೆಂಟ್ ದುಡ್ಡು ತೆಗೆದುಕೊಂಡರು. ಟೈ ರಾಡಿನಿಂದ ಸರಿಯಾಗುವುದು ಟೋ ಮಾತ್ರ, ಅಂದರೆ ಮೇಲಿನಿಂದ ನೋಡಿದರೆ ಚಕ್ರದ ಮುಂಭಾಗ ಎಷ್ಟು ಒಳಕ್ಕೆ ಅಥವಾ ಹೊರಕ್ಕೆ ತಿರುಗಿದೆ ಎಂಬುದು. ಮುಂದಿನ ಚಕ್ರಗಳ ಟೋ ತಪ್ಪಿದ್ದರೆ ಟೈರ್ ಸವೆಯುತ್ತದೆ, ಸ್ಟೇರಿಂಗ್ ಸೊಟ್ಟ ನಿಲ್ಲುತ್ತದೆ. ಹೀಗೆ ಒಂದೇ ಕಡೆಗೆ ಬಿಡದೆ ಎಳೆಯುವುದು ಸಾಮಾನ್ಯವಾಗಿ ಅದರಿಂದಲ್ಲ.

ಕೊನೆಗೆ ವಿಜಯಪುರದ ಒಬ್ಬ ಹಿರಿಯ ಮಿಸ್ತ್ರಿ ಹಳೆಯ ಚೀಟಿ ಕೇಳಿದರು. ಕ್ಯಾಂಬರ್ ಅಂಕಿಯ ಮೇಲೆ ಬೆರಳಿಟ್ಟರು. ಕ್ಯಾಂಬರ್ ಅಂದರೆ ಚಕ್ರದ ವಾಲು: ಚಕ್ರದ ತಲೆ ಹೊರಗೆ ವಾಲಿದ್ದರೆ ಪ್ಲಸ್, ಒಳಗೆ ವಾಲಿದ್ದರೆ ಮೈನಸ್. ಎಡಕ್ಕೆ ಪ್ಲಸ್ 0.5 ಡಿಗ್ರಿ, ಬಲಕ್ಕೆ ಮೈನಸ್ 0.4. ಎರಡೂ ಹಸಿರು. ಏಕೆಂದರೆ ಮಷೀನು ಪ್ರತಿ ಚಕ್ರವನ್ನೂ ಕಂಪನಿ ಕೊಟ್ಟ ಮಿತಿಗೆ ಹೋಲಿಸಿ ಬಣ್ಣ ಹಾಕಿತ್ತು. ಎರಡರ ನಡುವಿನ ವ್ಯತ್ಯಾಸ 0.9 ಡಿಗ್ರಿ ಇತ್ತು. ಅದು ಅರ್ಧ ಡಿಗ್ರಿಯೊಳಗೆ ಇರಬೇಕು ಎಂಬುದು ಮಿಸ್ತ್ರಿಗಳ ಲೆಕ್ಕ. ಯಾವ ಚಕ್ರದ ಕ್ಯಾಂಬರ್ ಜಾಸ್ತಿ ಪ್ಲಸ್ ಇರುತ್ತದೋ ಗಾಡಿ ಆ ಕಡೆಗೆ ಎಳೆಯುತ್ತದೆ.

ಒಂದು ಕಡೆ ಪ್ಲಸ್, ಇನ್ನೊಂದು ಕಡೆ ಹೆಚ್ಚು ಕಡಿಮೆ ಅಷ್ಟೇ ಮೈನಸ್ ಬಂದರೆ ಸಬ್‌ಫ್ರೇಮ್ ಪಕ್ಕಕ್ಕೆ ಸರಿದಿದೆಯಾ ಎಂದು ಮೊದಲು ನೋಡಬೇಕಂತೆ. ಲಿಫ್ಟಿಗೆ ಏರಿಸಿ ತೋರಿಸಿದರು. ಸಬ್‌ಫ್ರೇಮ್ ಬೋಲ್ಟಿನ ಪಕ್ಕದಲ್ಲಿ ಹಳೆಯ ವಾಷರ್ ಕೂತಿದ್ದ ಗುರುತು ಅರ್ಧ ಚಂದ್ರದಂತೆ ಹೊರಗೆ ಕಾಣುತ್ತಿತ್ತು. ಫ್ರೇಮ್ ಬಲಕ್ಕೆ ಸರಿದು ಕೂತಿತ್ತು. ಅದರ ಜೊತೆ ಲೋವರ್ ಆರ್ಮ್‌ಗಳೂ ಸರಿದು ಎಡ ಚಕ್ರದ ಬುಡ ಒಳಗೆ, ಬಲ ಚಕ್ರದ ಬುಡ ಹೊರಗೆ ಹೋಗಿತ್ತು. ಬೋಲ್ಟ್ ಸಡಿಲಿಸಿ, ಹಳೆಯ ಗುರುತಿಗೆ ಸರಿಯಾಗಿ ಕೂರಿಸಿ ಬಿಗಿದರು. ಎಳೆತ ನಿಂತಿತು.

ಇನ್ನೊಂದು ತಪ್ಪೂ ಸಿಕ್ಕಿತು. ಇದು ತುಂಬಾ ಗ್ಯಾರೇಜುಗಳಲ್ಲಿ ಆಗುತ್ತದೆ. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಆರ್ಮ್ ಬೋಲ್ಟನ್ನು ಪೂರ್ತಿ ಬಿಗಿದಿದ್ದರು. ಗಾಡಿ ಕೆಳಗಿಳಿದು ಭಾರ ಕೂತ ಕೂಡಲೇ ಬುಷ್ಷಿನ ರಬ್ಬರ್ ತಿರುಚಿಕೊಳ್ಳುತ್ತದೆ. ಆಮೇಲೆ ಅದಕ್ಕೆ ಬಿಡುವೇ ಇಲ್ಲ, ಬೇಗ ಹರಿಯುತ್ತದೆ. ನನ್ನ ಹೊಸ ಬುಷ್ಷಿನಲ್ಲಿ ಆಗಲೇ ಬಿರುಕು ಬಿಟ್ಟಿತ್ತು. ಚಕ್ರ ನೆಲದ ಮೇಲೆ, ಗಾಡಿಯ ಭಾರ ಚಕ್ರದ ಮೇಲೆ ಇರುವಾಗಲೇ ಆ ಬೋಲ್ಟಿಗೆ ಕೊನೆಯ ಬಿಗಿ ಕೊಡಬೇಕು. ಮಿಸ್ತ್ರಿಗೆ ಇದನ್ನು ಮುಂಚೆಯೇ ಹೇಳಿ, ಸಂಕೋಚ ಬೇಡ.

ಚೀಟಿಯಲ್ಲಿ ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ, ಸ್ಟೇರಿಂಗಿಗೆ ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಜಾಗ ಖಾಲಿ ಇದ್ದರೆ ಬಿಡಬೇಡಿ. ಅದನ್ನು ಅಳೆಯಲು ಚಕ್ರವನ್ನು ಎಡಕ್ಕೂ ಬಲಕ್ಕೂ ತಿರುಗಿಸಬೇಕು, ಸಮಯ ಹಿಡಿಯುತ್ತದೆ ಎಂದು ಬಿಟ್ಟುಬಿಡುತ್ತಾರೆ. ಕ್ಯಾಸ್ಟರ್ ಕಡಿಮೆ ಇರುವ ಕಡೆಗೂ ಗಾಡಿ ಎಳೆಯುತ್ತದೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನೇ ವಾಪಸ್ ಬರದೆ ಸಿಕ್ಕಿಕೊಂಡಂತಾದರೆ, ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಮೇಲಿನ ಬೇರಿಂಗ್ ಸರಿಯಾಗಿ ಕೂತಿದೆಯಾ ನೋಡಿಸಿ. ಅಲೈನ್‌ಮೆಂಟಿಗೆ ಮೊದಲು ನಾಲ್ಕೂ ಟೈರಿನ ಗಾಳಿಯನ್ನು ಕಂಪನಿ ಹೇಳಿದಷ್ಟಕ್ಕೆ ಸರಿ ಮಾಡಿಸಿ. ಕೆಲಸಕ್ಕೆ ಮುಂಚಿನ ಚೀಟಿ, ನಂತರದ ಚೀಟಿ ಎರಡನ್ನೂ ಇಸ್ಕೊಳ್ಳಿ.

ಮೊದಲಿನ ಗ್ಯಾರೇಜಿನವರು ಸಬ್‌ಫ್ರೇಮ್ ಮುಟ್ಟಿಯೇ ಇಲ್ಲ ಎಂದು ವಾದಿಸಿದರು. ನನ್ನ ಹತ್ತಿರ ತೋರಿಸಲು ಏನೂ ಇರಲಿಲ್ಲ. ಹೊಸ ಬುಷ್ಷಿನ ದುಡ್ಡು, ಕೂಲಿ ಎರಡೂ ನನ್ನ ಮೇಲೇ ಬಿತ್ತು. ಅದಕ್ಕೇ ಹೇಳುತ್ತಿದ್ದೇನೆ, ಆರ್ಮ್ ಕೆಲಸಕ್ಕೆ ಗಾಡಿ ಬಿಡುವಾಗ ಸಬ್‌ಫ್ರೇಮ್ ಇಳಿಸಬೇಕಾಗುತ್ತದಾ ಎಂದು ಕೇಳಿ. ಹೌದು ಎಂದರೆ ಬೋಲ್ಟುಗಳ ಸುತ್ತ ಬಿಳಿ ಪೇಂಟಿನ ಗುರುತು ಹಾಕಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು, ಬಿಲ್ಲಿನಲ್ಲೂ ಆ ಕೆಲಸ ಬರೆಸಿಕೊಳ್ಳಿ.