ಮಂಗಾ ಕಲಿಯೋಕೆ ಮೂರೇ ಪೆನ್ನು ಸಾಕು

ಮಗಳ ಜೊತೆ ಕೂತು ಮಂಗಾ, ಅಂದರೆ ಜಪಾನಿನ ಕಾಮಿಕ್ಸ್, ಪಾತ್ರ ಬಿಡಿಸಲು ಕಲಿಯುತ್ತಾ ನಾಲ್ಕು ತಿಂಗಳಾಯಿತು. ಪೆನ್ಸಿಲ್‌ನಲ್ಲಿ ಮುಖ ಚೆನ್ನಾಗಿಯೇ ಬರುತ್ತಿತ್ತು. ಅದರ ಮೇಲೆ ಜೆಲ್ ಪೆನ್ನಿನಿಂದ ತಿದ್ದಿ ರಬ್ಬರ್ ಆಡಿಸಿದರೆ ಕೆನ್ನೆ ತುಂಬಾ ಮಸಿ. ಅಳುತ್ತಾ ಅವಳು ಹಾಳೆ ಹರಿದ ದಿನ ಸಕುರಾ ಪಿಗ್ಮಾ ಮೈಕ್ರಾನ್ ಪೆನ್ನುಗಳನ್ನು ತಂದೆ. ಹೊಸಬರು ಧೈರ್ಯವಾಗಿ ತಗೊಳ್ಳಿ, ಆದರೆ ಇಡೀ ಸೆಟ್ ಬೇಡ.

ಸಕುರಾ ಜಪಾನಿನ ಒಸಾಕಾದ ಕಂಪನಿ. ಪಿಗ್ಮಾ ಇಂಕ್ ಬಂದದ್ದು 1982ರಲ್ಲಿ. ಇದು ಪಿಗ್ಮೆಂಟ್ (ಬಣ್ಣದ ಸಣ್ಣ ಕಣಗಳಿರುವ) ಇಂಕ್, ಒಣಗಿದ ಮೇಲೆ ನೀರು ತಾಗಿದರೂ ಹರಡುವುದಿಲ್ಲ. ಪೆನ್ನಿನ ಮೇಲಿನ ಸಂಖ್ಯೆ ಮಾತ್ರ ಸ್ವಲ್ಪ ಗೊಂದಲ: 01 ಅಂದರೆ 0.1 ಮಿ.ಮೀ. ಅಲ್ಲ, 0.25 ಮಿ.ಮೀ. ನಮಗೆ ಸಾಕಾದದ್ದು ಮೂರು: 005 (0.20), 03 (0.35), 08 (0.50).

ಮಂಗಾದಲ್ಲಿ ಕಣ್ಣೇ ಎಲ್ಲ, ಅಲ್ವಾ? ಮೇಲಿನ ರೆಪ್ಪೆಗೆ 08. ಹೊರತುದಿಗೆ ಬರುತ್ತಾ ಅದೇ ಗೆರೆಯ ಮೇಲೆ ಇನ್ನೆರಡು ಸಲ ಎಳೆದು ದಪ್ಪ ಮಾಡಿ. ಕೆಳ ರೆಪ್ಪೆಗೆ 005, ಅದೂ ಪೂರ್ತಿ ಅಲ್ಲ, ನಡುವೆ ಸ್ವಲ್ಪ ಬಿಟ್ಟು. ಕಣ್ಣುಗುಡ್ಡೆಯ ಸುತ್ತು 03ರಲ್ಲಿ. ಕಪ್ಪು ತುಂಬುವ ಮೊದಲೇ ಬೆಳಕಿನ ಚುಕ್ಕೆಗೆ ಪುಟ್ಟ ಸುತ್ತು ಹಾಕಿ ಬಿಟ್ಟುಬಿಡಿ. ಆ ಅಕ್ಕಿಕಾಳಿನಷ್ಟು ಬಿಳಿ ಉಳಿದ ಕೂಡಲೇ ಚಿತ್ರದ ಹುಡುಗಿ ನಮ್ಮನ್ನು ನೋಡತೊಡಗುತ್ತಾಳೆ! ಮೊದಲ ಸಲ ಹಾಗಾದಾಗ ನಾವಿಬ್ಬರೂ ಸುಮ್ನೆ ಹಾಳೆ ನೋಡುತ್ತಾ ಕೂತಿದ್ದೆವು.

ಕೂದಲಿಗೆ ಕಷ್ಟ ಜಾಸ್ತಿ. ಜಪಾನಿನಲ್ಲಿ ಮಂಗಾ ಬಿಡಿಸುವವರು ಬಳಸುವ ಜಿ-ಪೆನ್ ನಿಬ್ ಒತ್ತಿದಷ್ಟೂ ಗೆರೆ ದಪ್ಪವಾಗುತ್ತದೆ. ಮೈಕ್ರಾನ್ ಹಾಗಲ್ಲ, ಒತ್ತಿದರೆ ತುದಿಯೇ ಹಾಳು, ಅದರಲ್ಲೂ 005. ಬುಡದಿಂದ ಬೇಗ ಎಳೆದು ಗಾಳಿಯಲ್ಲಿ ಎತ್ತಿಬಿಡಬೇಕು. ಕೈ ತಿರುಗದ ಕಡೆ ಹಾಳೆಯನ್ನೇ ತಿರುಗಿಸಿ.

ಹಾಳೆ ನುಣುಪಾಗಿ, ದಪ್ಪಗಿರಲಿ. ತೆಳು ಜೆರಾಕ್ಸ್ ಹಾಳೆಯಲ್ಲಿ ಗೆರೆಯ ಅಂಚು ಒಡೆಯುತ್ತದೆ. ರಬ್ಬರ್ ಹಾಕುವ ಮುಂಚೆ ಐದು ನಿಮಿಷ ತಡೆಯಿರಿ.

ನಿನ್ನೆ ಮಗಳು ಎರಡು ಜಡೆಯ ಹುಡುಗಿ ಬಿಡಿಸಿ, ಮೇಲೆ ನೀರುಬಣ್ಣ ಹಚ್ಚಿದಳು. ಮೂಗಿನ ಹತ್ತಿರದ ಪುಟ್ಟ ಗೆರೆಯೂ ಕದಲಲಿಲ್ಲ. 08 ಮುಗಿಯುತ್ತಾ ಬಂದಿದೆ, ಜಡೆಗೆಲ್ಲ ಅದೇ ಬೇಕಲ್ಲ. ಈ ವಾರ ಅದೊಂದನ್ನೇ ತರಬೇಕು.